ಲಿಫ್ಟ್ ಹಾಕಿದ ಪಿಕಪ್ ಟ್ರಕ್ಕಿನ ಹಿಂಬದಿ ಬ್ರೇಕನ್ನು ಸರಿಹೊಂದಿಸಿದ ಬಗೆ

ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟುಗಳೆರಡನ್ನೂ ಮುಂದಿನ ಕಾಯಿಲ್ ಸ್ಪ್ರಿಂಗ್‌ಗಳನ್ನೂ ಬದಲಿಸಿ ನನ್ನ ಪಿಕಪ್ ಟ್ರಕ್ಕನ್ನು 50 ಮಿ.ಮೀ. ಎತ್ತರಿಸುವ ಕೆಲಸ ಎರಡು ದಿನಗಳಲ್ಲಿ ಮುಗಿಯಿತು. ಅದರ ಬೆನ್ನಿಗೇ ಬಂದ ಹಿಂಬದಿ ಬ್ರೇಕಿನ ಕೆಲಸಕ್ಕೆ ನಾಲ್ಕು ದಿನ ಬೇಕಾಯಿತು. ಲಿಫ್ಟ್ ಕಿಟ್‌ನ ಪೆಟ್ಟಿಗೆಯಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಯು ಬೋಲ್ಟ್, ಬುಷ್ ಎಲ್ಲವೂ ಇದ್ದವು. ಬ್ರೇಕಿಗೆ ಸಂಬಂಧಿಸಿದ ಒಂದು ವಾಷರ್ ಕೂಡ ಇರಲಿಲ್ಲ. ಗಾಡಿಯನ್ನು ಎತ್ತರಿಸಿದವನೇ ಅದು ಸರಿಯಾಗಿ ನಿಲ್ಲುವಂತೆ ನೋಡಿಕೊಳ್ಳಬೇಕಾದ್ದರಿಂದ, ಮಾಡಿದ ಕೆಲಸವನ್ನು ಅಳತೆಗಳ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರಗಳು ತಿರುಗದೆ ನಿಂತುಬಿಡುವುದನ್ನು ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಮಾದರಿಯ ಗಾಡಿ. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ಲೋಡ್ ಸೆನ್ಸಿಂಗ್ ವಾಲ್ವ್ ಅದರ ಚಾಸಿಯ (ಗಾಡಿಯ ಅಡಿಚೌಕಟ್ಟಿನ) ಮೇಲೆ, ಹಿಂದಿನ ಆಕ್ಸಲ್‌ನ ಎದುರಿಗೆ ಇದೆ. ಹೊಸ ಗಾಡಿಗಳಲ್ಲಿ ಈ ಹಂಚಿಕೆಯನ್ನು ಎಬಿಎಸ್‌ನ ಕಂಪ್ಯೂಟರೇ ಮಾಡುವುದುಂಟು. ಅಂಥವುಗಳಲ್ಲಿ ಈ ವಾಲ್ವ್ ಇರುವುದಿಲ್ಲ, ಆದರೆ ಬ್ರೇಕ್ ಹೋಸ್ (ಆಯಿಲ್ ಒಯ್ಯುವ ಬಾಗುವ ಕೊಳವೆ) ಮತ್ತು ಕೇಬಲ್‌ಗಳ ಬಗ್ಗೆ ಮುಂದೆ ಹೇಳಿರುವ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಎತ್ತರಿಸಿದ ಬಳಿಕ ಮೊದಲ ಬಾರಿ ಗಾಡಿಯನ್ನು ಹೊರಗೆ ತೆಗೆದಾಗಲೇ ಬ್ರೇಕಿನ ಗುಣ ಬದಲಾದದ್ದು ಕಾಲಿಗೆ ತಿಳಿಯಿತು. ಪೆಡಲ್ ಒತ್ತಿದ ಕೂಡಲೇ ಮೂತಿ ಮೊದಲಿಗಿಂತ ಹೆಚ್ಚಾಗಿ ತಗ್ಗುತ್ತಿತ್ತು, ಹಿಂಬದಿ ಸುಮ್ಮನೆ ಹಿಂಬಾಲಿಸಿ ಬಂದಂತೆ ಅನ್ನಿಸುತ್ತಿತ್ತು, ಅದೇ ಜಾಗದಲ್ಲಿ ನಿಲ್ಲಿಸಲು ಪೆಡಲನ್ನು ಇನ್ನಷ್ಟು ಬಲವಾಗಿ ಒತ್ತಬೇಕಿತ್ತು. ಅನಿಸಿಕೆಯನ್ನೇ ನಂಬಿ ಕೂರಬಾರದೆಂದು, ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಹತ್ತು ಬಾರಿ ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಚಕ್ರಗಳ ಬಿಸಿಯನ್ನು ನೋಡಿದೆ. ಮುಂದಿನ ಡಿಸ್ಕ್‌ಗಳು 140 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹಿಂದಿನ ಡ್ರಮ್‌ಗಳು 45 ಡಿಗ್ರಿಯನ್ನೂ ದಾಟಿರಲಿಲ್ಲ. ಡ್ರಮ್‌ನ ಎರಕದ ಲೋಹ ದಪ್ಪವಾಗಿರುವುದರಿಂದ ಅದು ಡಿಸ್ಕ್‌ಗಿಂತ ನಿಧಾನವಾಗಿ ಬಿಸಿಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಇಷ್ಟು ಅಂತರವಿದ್ದರೆ ಹಿಂದಿನ ಬ್ರೇಕು ತನ್ನ ಪಾಲಿನ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ.

ಕಾರಣ ಆ ವಾಲ್ವಿನಲ್ಲಿದೆ. ಅದರಿಂದ ಹೊರಟ ಒಂದು ಲಿವರ್ ಸರಳಿನ ಮೂಲಕ ಆಕ್ಸಲ್‌ಗೆ ಜೋಡಣೆಯಾಗಿರುತ್ತದೆ. ಹಿಂದೆ ಹೊರೆ ಹೇರಿದಾಗ ಸ್ಪ್ರಿಂಗ್ ಕುಗ್ಗಿ ಚಾಸಿ ಆಕ್ಸಲ್‌ನತ್ತ ಇಳಿಯುತ್ತದೆ, ಸರಳು ಲಿವರನ್ನು ಮೇಲಕ್ಕೆ ತಳ್ಳುತ್ತದೆ, ವಾಲ್ವ್ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾದಾಗ ಚಾಸಿ ಮೇಲೇರಿ ಲಿವರ್ ಕೆಳಗಿಳಿಯುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಅಂದರೆ ವಾಲ್ವಿಗೆ ತೂಕವೇನೆಂದು ಗೊತ್ತಿಲ್ಲ. ಚಾಸಿಗೂ ಆಕ್ಸಲ್‌ಗೂ ನಡುವಿನ ದೂರವೊಂದೇ ಅದಕ್ಕೆ ಗೊತ್ತು. ನಾವು ಆ ದೂರವನ್ನು 50 ಮಿ.ಮೀ. ಹೆಚ್ಚಿಸಿದಾಗ, ಖಾಲಿ ಗಾಡಿಗಿಂತಲೂ ಹಗುರವಾದ, ಎಲ್ಲೂ ಇಲ್ಲದ ಗಾಡಿಯೊಂದನ್ನು ಅದರ ಮುಂದೆ ನಿಲ್ಲಿಸಿದಂತಾಗುತ್ತದೆ, ಅದಕ್ಕೆ ತಕ್ಕಂತೆ ಅದು ಹಿಂದಿನ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈ ತೊಂದರೆಗೆ ಸಾಮಾನ್ಯವಾಗಿ ಹೇಳುವ ಅಡ್ಡದಾರಿಯೊಂದಿದೆ: ಲಿವರನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುವುದು, ಇಲ್ಲವೇ ವಾಲ್ವನ್ನೇ ಕಿತ್ತು ಪೈಪನ್ನು ನೇರವಾಗಿ ಜೋಡಿಸುವುದು. ಇದನ್ನು ದಯವಿಟ್ಟು ಯಾರೂ ಮಾಡಬಾರದು. ಹಾಗೆ ಮಾಡಿದರೆ ಖಾಲಿ ಗಾಡಿಯ ಹಗುರವಾದ ಹಿಂಬದಿಗೆ ಪೂರ್ಣ ಒತ್ತಡ ಹೋಗಿ, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲೇ ಲಾಕ್ ಆಗುತ್ತವೆ, ಅಂದರೆ ತಿರುಗುವುದು ನಿಂತು ಜಾರತೊಡಗುತ್ತವೆ. ಲಾಕ್ ಆದ ಚಕ್ರಕ್ಕೆ ಪಕ್ಕದ ಹಿಡಿತ ಉಳಿಯುವುದಿಲ್ಲ. ಮುಂದಿನವು ಲಾಕ್ ಆದರೆ ಸ್ಟೀರಿಂಗ್ ಕೇಳದಿದ್ದರೂ ಗಾಡಿ ನೇರವಾಗಿ ಜಾರುತ್ತದೆ, ಪೆಡಲ್ ಬಿಟ್ಟರೆ ಮತ್ತೆ ಹತೋಟಿಗೆ ಬರುತ್ತದೆ. ಹಿಂದಿನವು ಮೊದಲು ಲಾಕ್ ಆದರೆ ಹಿಂಬದಿ ಪಕ್ಕಕ್ಕೆ ಬಂದು ಗಾಡಿ ಸುತ್ತಿಕೊಳ್ಳುತ್ತದೆ, ಅದನ್ನು ಸರಿಪಡಿಸಲು ಚಾಲಕನಿಗೆ ಸಿಗುವ ಸಮಯ ತೀರಾ ಕಡಿಮೆ. ಹಿಂದಿನ ಬ್ರೇಕು ಮಂಕಾಗಿರುವುದಕ್ಕಿಂತ ಅದು ಅತಿಯಾಗಿರುವುದು ಹೆಚ್ಚು ಅಪಾಯಕರ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ತೆಗೆದುಕೊಂಡಿದ್ದೇನೆ.

ಎತ್ತರವಾದ ಗಾಡಿಗೆ ಹಿಂದಿನ ಬ್ರೇಕು ಮೊದಲಿಗಿಂತ ಕಡಿಮೆಯೇ ಸಾಕಲ್ಲವೇ ಎಂಬ ಪ್ರಶ್ನೆ ನನಗೂ ಬಂದಿತ್ತು, ಏಕೆಂದರೆ ತೂಕದ ಕೇಂದ್ರ ಮೇಲೇರಿದಷ್ಟೂ ಬ್ರೇಕ್ ಹಾಕಿದಾಗ ಹೆಚ್ಚು ತೂಕ ಮುಂದಕ್ಕೆ ಸರಿಯುತ್ತದೆ. ಲೆಕ್ಕ ಹಾಕಿ ನೋಡಿದೆ. ಗಾಡಿಯ ತೂಕ 1900 ಕೆ.ಜಿ., ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 3.1 ಮೀಟರ್, ಬ್ರೇಕಿನ ಬಲ ತೂಕದ ಹತ್ತರಲ್ಲಿ ಏಳು ಭಾಗ ಎಂದಿಟ್ಟುಕೊಂಡರೆ, 50 ಮಿ.ಮೀ. ಏರಿಕೆಯಿಂದ ಹೆಚ್ಚುವರಿಯಾಗಿ ಮುಂದಕ್ಕೆ ಸರಿಯುವ ತೂಕ 1900 × 0.7 × 0.05 ÷ 3.1, ಅಂದರೆ ಸುಮಾರು 21 ಕೆ.ಜಿ. ಆಕ್ಸಲ್ ಮತ್ತು ಚಕ್ರಗಳು ಇದ್ದಲ್ಲೇ ಇರುವುದರಿಂದ ನಿಜವಾದ ಅಂಕಿ ಇದಕ್ಕಿಂತಲೂ ಕಡಿಮೆ. ಟೈರುಗಳನ್ನು ನಾನು ಬದಲಿಸಿಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕಾಗಿ ಕಾರ್ಖಾನೆಯ ಹಂಚಿಕೆಯನ್ನು ಬಿಟ್ಟುಕೊಡಬೇಕಾಗಿಲ್ಲ. ವಾಲ್ವಿಗೆ ಅದರ ಹಳೆಯ ದೂರವನ್ನು ಮರಳಿಸುವುದೇ ಸರಿಯಾದ ಗುರಿ ಎಂದು ಇದರಿಂದ ನಿಶ್ಚಯವಾಯಿತು.

ಆದರೆ ವಾಲ್ವನ್ನು ಮುಟ್ಟುವ ಮೊದಲು ಡ್ರಮ್‌ಗಳೊಳಗಿನ ಸ್ಥಿತಿ ಸರಿಯಿರಬೇಕು. ಡ್ರಮ್‌ನ ಒಳಮೈಗೆ ಒತ್ತಿ ಚಕ್ರವನ್ನು ತಡೆಯುವ ಶೂಗಳು ಡ್ರಮ್‌ನಿಂದ ದೂರವಿದ್ದರೆ, ಅವನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಬಹುಪಾಲು ಚಲನೆ ಆ ಸಂದನ್ನು ತುಂಬುವುದರಲ್ಲೇ ಮುಗಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಆಗ ದೋಷ ವಾಲ್ವಿನದೋ ಶೂಗಳದೋ ಹೇಳಲಾಗುವುದಿಲ್ಲ. ಹಾಗಾಗಿ ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಆಕ್ಸಲ್‌ನ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟು ಚಕ್ರಗಳನ್ನು ಬಿಚ್ಚಿದೆ. ಡ್ರಮ್ ಹಬ್ಬಿಗೆ ತುಕ್ಕಿನಿಂದ ಅಂಟಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯುವ ಅಗತ್ಯವಿಲ್ಲ; ಡ್ರಮ್‌ನ ಮುಖದಲ್ಲಿರುವ ಮರೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೀರು, ಥ್ರೆಡ್) ಇರುವ ಎರಡು ತೂತುಗಳಿಗೆ 8 ಮಿ.ಮೀ. ಬೋಲ್ಟುಗಳನ್ನು ಹಾಕಿ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಅದು ತಾನಾಗಿ ಹೊರಬರುತ್ತದೆ. ಒಳಗಿನ ಧೂಳನ್ನು ಗಾಳಿ ಊದಿ ತೆಗೆಯಬಾರದು. ಶೂಗಳ ಮೇಲೆ ಉಜ್ಜುವ ಪದರವಾಗಿರುವ ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ, ಅದು ಶ್ವಾಸಕೋಶಕ್ಕೆ ಹೋಗಬಾರದ ವಸ್ತು; ಆದ್ದರಿಂದ ಬ್ರೇಕ್ ಕ್ಲೀನರ್‌ನಿಂದ ನೆನೆಸಿ ಬಟ್ಟೆಯಲ್ಲಿ ಒರೆಸಿ ತೆಗೆದೆ. ನನ್ನ ಡ್ರಮ್‌ನ ಮೂಲ ಒಳವ್ಯಾಸ 295 ಮಿ.ಮೀ., ಅದರ ಮೇಲೆಯೇ ಎರಕಹೊಯ್ದಿರುವ ಗರಿಷ್ಠ ಮಿತಿ 297. ಅಳೆದಾಗ ಎರಡೂ 295.6 ಇದ್ದವು. ಲೈನಿಂಗ್ 3.5 ಮಿ.ಮೀ. ಉಳಿದಿತ್ತು. ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳದ ಅಂಚನ್ನು ಎತ್ತಿ ನೋಡಿದಾಗ ತೇವವಿರಲಿಲ್ಲ. ಅಲ್ಲಿ ಒದ್ದೆ ಕಂಡಿದ್ದರೆ ಹೊಂದಿಸುವ ಮಾತೇ ಇಲ್ಲ, ಮೊದಲು ಸಿಲಿಂಡರ್ ಬದಲಿಸಬೇಕು.

ಶೂಗಳ ಸಂದನ್ನು ಹೊಂದಿಸುವ ಎಡಬದಿಯ ಅಡ್ಜಸ್ಟರಿನ ಹಲ್ಲುಚಕ್ರ ಬಿಗಿದುಕೊಂಡಿತ್ತು. ಇದೂ ಮುಖ್ಯವಾದ ಸಂಗತಿ, ಏಕೆಂದರೆ ಲಿಫ್ಟ್ ಹಾಕುವ ಮೊದಲೇ ಆ ಬದಿಯ ಶೂಗಳು ಹಿಂದೆ ಬಿದ್ದಿದ್ದವು, ನಾನು ಗಮನಿಸಿರಲಿಲ್ಲ. ಅದನ್ನು ಕಳಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಮರೆಗಳಿಗೆ ಬಿಸಿ ತಾಳುವ ಗ್ರೀಸನ್ನು ತೆಳುವಾಗಿ ಹಚ್ಚಿ ಮತ್ತೆ ಕೂರಿಸಿದೆ. ಎಡ ಬಲಗಳ ಅಡ್ಜಸ್ಟರ್‌ಗಳ ಮರೆ ಪರಸ್ಪರ ವಿರುದ್ಧ ದಿಕ್ಕಿನದಾಗಿರುತ್ತದೆ; ಅದಲುಬದಲಾದರೆ ಹ್ಯಾಂಡ್ ಬ್ರೇಕಿನ ಪ್ರತಿ ಎಳೆತಕ್ಕೂ ಶೂಗಳು ಹೊರಗೆ ಬರುವ ಬದಲು ಒಳಗೆ ಹೋಗುತ್ತವೆ, ಆದ್ದರಿಂದ ಒಮ್ಮೆಗೆ ಒಂದೇ ಬದಿಯನ್ನು ಬಿಚ್ಚುವುದು ಒಳ್ಳೆಯದು. ಡ್ರಮ್ ಹಾಕಿದ ಮೇಲೆ ಹಿಂದಿನ ತಟ್ಟೆಯ ಕಿಂಡಿಯ ಮೂಲಕ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ, ಡ್ರಮ್ ಕೈಯಿಂದ ತಿರುಗದಷ್ಟು ಬಿಗಿಯಾಗುವವರೆಗೆ ಹಲ್ಲುಚಕ್ರವನ್ನು ತಿರುಗಿಸಿದೆ. ಪೆಡಲನ್ನು ನಾಲ್ಕೈದು ಬಾರಿ ಗಟ್ಟಿಯಾಗಿ ಒತ್ತಿದಾಗ ಶೂಗಳು ನಡುವಿಗೆ ಬಂದು ಕುಳಿತವು, ಡ್ರಮ್ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಮಾಡಿದೆ. ಆಮೇಲೆ ಇನ್ನೊಂದು ತೆಳು ಸ್ಕ್ರೂಡ್ರೈವರಿನಿಂದ ತಡೆಹಲ್ಲನ್ನು ಸರಿಸಿ ಹಿಡಿದು ಒಂದೊಂದೇ ಹಲ್ಲು ಹಿಂದಕ್ಕೆ ಬಿಡುತ್ತಾ, ಇಡೀ ಸುತ್ತಿನಲ್ಲಿ ಒಂದೇ ಸಮನಾದ ಸಣ್ಣ ಉಜ್ಜುವ ಸದ್ದು ಮಾತ್ರ ಕೇಳುವಲ್ಲಿ ನಿಲ್ಲಿಸಿದೆ. ಸದ್ದು ಒಂದು ಕಡೆ ಬಂದು ಇನ್ನೊಂದು ಕಡೆ ನಿಂತರೆ ಡ್ರಮ್ ಅಂಡಾಕಾರವಾಗಿದೆ ಎಂದು ತಿಳಿಯಬೇಕು.

ಹ್ಯಾಂಡ್ ಬ್ರೇಕಿನ ಕೇಬಲನ್ನು ಶೂಗಳ ನಂತರವೇ ಹೊಂದಿಸಬೇಕು. ಹ್ಯಾಂಡ್ ಬ್ರೇಕ್ ಮೇಲಕ್ಕೆ ಬರುತ್ತಿದೆಯೆಂದು ಕೇಬಲ್ಲಿನ ನಟ್ಟನ್ನೇ ಮೊದಲು ಬಿಗಿಮಾಡಿದರೆ ಡ್ರಮ್‌ನೊಳಗಿನ ಹ್ಯಾಂಡ್ ಬ್ರೇಕ್ ಲಿವರ್ ತನ್ನ ಮೂಲ ಸ್ಥಾನಕ್ಕೆ ಮರಳುವುದಿಲ್ಲ. ನನ್ನ ಗಾಡಿಯ ತಾನೇ ಹೊಂದಿಕೊಳ್ಳುವ ಅಡ್ಜಸ್ಟರ್ ಆ ಲಿವರಿನ ಚಲನೆಯಿಂದಲೇ ಮುಂದಿನ ಹಲ್ಲನ್ನು ಹಿಡಿಯುವಂಥದಾದ್ದರಿಂದ, ಅದು ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಲಿಫ್ಟ್ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಆಕ್ಸಲ್ ಕೆಳಗಿಳಿದಷ್ಟೂ ಕೇಬಲ್ ಎಳೆಯಲ್ಪಡುತ್ತದೆ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು ಆಕ್ಸಲನ್ನು ಪೂರ್ತಿ ತೂಗುಬಿಟ್ಟು ನೋಡಿದಾಗ, ಹ್ಯಾಂಡ್ ಬ್ರೇಕ್ ಬಿಟ್ಟಿದ್ದರೂ ಎಡ ಚಕ್ರ ಬಿಗಿಯಾಗಿ ತಿರುಗುತ್ತಿತ್ತು. ಹಳ್ಳದಲ್ಲಿ ಚಕ್ರ ಇಳಿದಾಗಲೆಲ್ಲ ಒಂದು ಬ್ರೇಕು ತಾನಾಗಿ ಹಿಡಿಯುತ್ತಿದ್ದರೆ ಅದು ಸುಟ್ಟುಹೋಗುವುದಕ್ಕೆ ಬಹಳ ದಿನ ಬೇಕಿಲ್ಲ. ಚಾಸಿಯಲ್ಲಿ ಕೇಬಲ್ ಹಿಡಿದಿದ್ದ ಕ್ಲಿಪ್ಪನ್ನು 30 ಮಿ.ಮೀ. ಕೆಳಗೆ, ಆಕ್ಸಲ್‌ನತ್ತ ಸರಿಸಿದ ಮೇಲೆ ಬಿಗಿತ ಹೋಯಿತು. ಹ್ಯಾಂಡ್ ಬ್ರೇಕ್ ಈಗ ಏಳನೆಯ ಹಲ್ಲಿಗೆ ಗಟ್ಟಿಯಾಗಿ ನಿಲ್ಲುತ್ತದೆ.

ಆಕ್ಸಲ್ ತೂಗಿಬಿಟ್ಟ ಅದೇ ಸ್ಥಿತಿಯಲ್ಲಿ ಬ್ರೇಕ್ ಹೋಸನ್ನೂ ನೋಡಿದೆ. ನಿಂತ ಎತ್ತರದಲ್ಲಿ ಸಡಿಲವಾಗಿ ಕಂಡಿದ್ದ ಅದು ಈಗ ನೆಟ್ಟಗೆ ತಂತಿಯಂತೆ ಬಿಗಿದು ನಿಂತಿತ್ತು. ಇಲ್ಲಿ ಯಾವ ರಾಜಿಯೂ ಸಲ್ಲದು: ಈ ಒಂದೇ ಹೋಸ್ ಎರಡೂ ಹಿಂಚಕ್ರಗಳಿಗೆ ಆಯಿಲ್ ಒಯ್ಯುತ್ತದೆ. ಹಳೆಯದನ್ನು ತೆಗೆದು, 75 ಮಿ.ಮೀ. ಉದ್ದವಾದ ಹೊಸ ಹೋಸನ್ನು ಅದೇ ಮರೆಯ ತುದಿಗಳೊಂದಿಗೆ ಮಾಡಿಸಿ ಹಾಕಿದೆ. ಪೈಪಿನ ನಟ್ಟುಗಳಿಗೆ ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದುಹೋಗುತ್ತವೆ. ಪೈಪಿಗಾಗಿಯೇ ಇರುವ 10 ಮಿ.ಮೀ. ಫ್ಲೇರ್ ನಟ್ ಸ್ಪ್ಯಾನರನ್ನೇ ಬಳಸಬೇಕು.

ಇನ್ನು ವಾಲ್ವ್. ಸ್ಪ್ರಿಂಗ್ ಬಿಚ್ಚುವ ಮೊದಲೇ ಲಿವರ್ ನಿಂತಿದ್ದ ಜಾಗಕ್ಕೆ ಎದುರಾಗಿ ವಾಲ್ವಿನ ಬ್ರಾಕೆಟ್ ಮೇಲೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿದ್ದೆ, ಸರಳಿನ ಉದ್ದವನ್ನೂ ಬರೆದಿಟ್ಟಿದ್ದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಆ ಗೆರೆಯೇ. ಎಲ್ಲ ಗಾಡಿಗಳಲ್ಲೂ ಸರಳು ಮೇಲಕ್ಕೆ ತಳ್ಳುವುದಿಲ್ಲ, ಕೆಲವದರಲ್ಲಿ ಸ್ಪ್ರಿಂಗೊಂದು ಲಿವರನ್ನು ಎಳೆಯುತ್ತದೆ. ಆದ್ದರಿಂದ ಹಿಂದಿನ ತೊಟ್ಟಿಯಲ್ಲಿ ಇಬ್ಬರನ್ನು ಕೂರಿಸಿ ಲಿವರ್ ಯಾವ ಕಡೆಗೆ ಚಲಿಸುತ್ತದೆಂದು ಮೊದಲು ಕಣ್ಣಾರೆ ನೋಡಬೇಕು. ಹೊರೆ ಬಿದ್ದಾಗ ಅದು ಹೋಗುವ ದಿಕ್ಕೇ ಒತ್ತಡ ಹೆಚ್ಚುವ ದಿಕ್ಕು.

ಆಕ್ಸಲ್ ಮೇಲಿನ ಬ್ರಾಕೆಟ್ಟನ್ನು 50 ಮಿ.ಮೀ. ಎತ್ತರಿಸಿದರೆ ಲಿವರ್ ಹಳೆಯ ಗೆರೆಗೆ ಬರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತೆಂದು ಮೊದಲು ಅಂದುಕೊಂಡಿದ್ದೆ. ಆದರೆ ಹೊಸ ಸ್ಪ್ರಿಂಗ್ ಹಳೆಯದಕ್ಕಿಂತ ಗಡುಸಾದದ್ದು. ಹಬ್ಬಿನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ ಹಳೆಯ ಸ್ಪ್ರಿಂಗ್‌ನಲ್ಲಿ ಖಾಲಿಯಿದ್ದಾಗ 520 ಮಿ.ಮೀ. ಇತ್ತು, 400 ಕೆ.ಜಿ. ಮರಳಿನ ಚೀಲ ಹೇರಿದಾಗ 458ಕ್ಕೆ ಇಳಿದಿತ್ತು. ಹೊಸದರಲ್ಲಿ ಖಾಲಿ 570, ಅದೇ ಚೀಲಗಳೊಂದಿಗೆ 526. ಅಂದರೆ ಖಾಲಿಯಲ್ಲಿ 50 ಇದ್ದ ವ್ಯತ್ಯಾಸ ಹೊರೆಯಲ್ಲಿ 68 ಆಗುತ್ತದೆ. ಖಾಲಿಗೆ ಸರಿಹೊಂದಿಸಿದ ವಾಲ್ವ್ 400 ಕೆ.ಜಿ. ಹೊರೆಯಲ್ಲಿ 18 ಮಿ.ಮೀ. ಹಿಂದೆ ಬೀಳುತ್ತದೆ, ಹೊರೆಗೆ ಸರಿಹೊಂದಿಸಿದ್ದು ಖಾಲಿಯಲ್ಲಿ ಅಷ್ಟೇ ಮುಂದೆ ಹೋಗುತ್ತದೆ. ಗಡುಸು ಸ್ಪ್ರಿಂಗ್ ಹಾಕಿದ ಮೇಲೆ ಒಂದೇ ಹೊರೆಗೆ ಮಾತ್ರ ನಿಖರವಾಗಿ ಹೊಂದಿಸಲು ಸಾಧ್ಯ, ಆ ಹೊರೆ ಯಾವುದೆಂದು ನಾವೇ ಆರಿಸಿಕೊಳ್ಳಬೇಕು. ನನ್ನ ಗಾಡಿಯಲ್ಲಿ ಉಪಕರಣಗಳ ಪೆಟ್ಟಿಗೆ, ಮುಚ್ಚಿಗೆ ಎಲ್ಲ ಸೇರಿ ಸುಮಾರು 150 ಕೆ.ಜಿ. ಯಾವಾಗಲೂ ಇರುತ್ತದೆ. ಆ ಹೊರೆಗೆ ವ್ಯತ್ಯಾಸ 57 ಮಿ.ಮೀ. ಎಂದು ಬಂತು. ಹಿಂದಿನ ಬ್ರೇಕು ಅತಿಯಾಗುವ ಬದಿಗೆ ವಾಲಬಾರದೆಂದು ಅದಕ್ಕಿಂತ ಎರಡು ಕಡಿಮೆ ಮಾಡಿ 55ಕ್ಕೆ ನಿರ್ಧರಿಸಿದೆ: 50 ಬ್ರಾಕೆಟ್ಟಿನಲ್ಲಿ, ಉಳಿದ 5 ಸರಳಿನ ಮರೆಯಲ್ಲಿ.

ಎತ್ತರಿಸುವ ತುಂಡನ್ನು 5 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ಸಿ ಆಕಾರಕ್ಕೆ ಬಗ್ಗಿಸಿ, ಎರಡು ಪಕ್ಕಗಳಿಗೂ ಸಣ್ಣ ಆಸರೆ ಪಟ್ಟಿ ಬೆಸುಗೆ ಹಾಕಿ ಮಾಡಿದೆ. ಅದು ಸ್ವಲ್ಪ ಬಳುಕಿದರೂ ಲಿವರ್ ನಡುಗುತ್ತದೆ, ಒತ್ತಡ ಏರಿಳಿಯುತ್ತದೆ. ಆಕ್ಸಲ್ ಹೌಸಿಂಗಿಗೆ ನೇರವಾಗಿ ಬೆಸುಗೆ ಹಾಕಲಿಲ್ಲ. ಕಾರ್ಖಾನೆಯ ಬೋಲ್ಟಿನ ತೂತುಗಳಿಗೇ 8.8 ದರ್ಜೆಯ ಹೊಸ ಬೋಲ್ಟುಗಳನ್ನು ಸ್ಪ್ರಿಂಗ್ ವಾಷರ್ ಸಮೇತ ಹಾಕಿದೆ. ಜೋಡಿಸಿದ ನಂತರ ಆಕ್ಸಲ್ ಚಲನೆಯ ಎರಡು ತುದಿಗಳನ್ನು ನೋಡಲೇಬೇಕು. ಆಕ್ಸಲನ್ನು ಜಾಕಿನಿಂದ, ಅದು ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪ್‌ಗೆ ತಾಗುವವರೆಗೆ ಎತ್ತಿದಾಗ ತುಂಡಿನ ತಲೆ ಚಾಸಿಗೆ ತಾಗದೆ 22 ಮಿ.ಮೀ. ಜಾಗ ಉಳಿಯಿತು. ಪೂರ್ತಿ ತೂಗುಬಿಟ್ಟಾಗ ಸರಳೂ ಲಿವರೂ ಒಂದೇ ನೇರಕ್ಕೆ ಬರಬಾರದು. ಹಾಗೆ ಬಂದರೆ ಆಕ್ಸಲ್ ಮರಳಿ ಮೇಲೆ ಬರುವಾಗ ಲಿವರ್ ಇನ್ನೊಂದು ಬದಿಗೆ ಮಗುಚಿಕೊಂಡು ಸರಳನ್ನು ಬಗ್ಗಿಸುತ್ತದೆ, ಇಲ್ಲವೇ ತಲೆಕೆಳಗಾಗಿ ಕೆಲಸ ಮಾಡುತ್ತದೆ. ನನ್ನದರಲ್ಲಿ ಇನ್ನೂ ಸಾಕಷ್ಟು ಕೋನ ಉಳಿದಿತ್ತು.

ಹೋಸ್ ಬದಲಿಸಿದ್ದರಿಂದ ಬ್ರೇಕ್ ಪೈಪುಗಳೊಳಗೆ ಸೇರಿದ ಗಾಳಿ ತೆಗೆಯಬೇಕಿತ್ತು. ಚಾಸಿಯನ್ನು ಎತ್ತಿ ಆಕ್ಸಲನ್ನು ತೂಗುಬಿಟ್ಟು ಈ ಕೆಲಸ ಮಾಡಿದರೆ ಲಿವರ್ ಕೆಳಗಿಳಿದು ವಾಲ್ವ್ ಆಯಿಲಿನ ದಾರಿಯನ್ನು ಕಿರಿದು ಮಾಡುತ್ತದೆ, ಒಳಗಿನ ಗಾಳಿ ಪೂರ್ತಿ ಹೊರಬರುವುದಿಲ್ಲ. ಸ್ಟ್ಯಾಂಡನ್ನು ಆಕ್ಸಲ್‌ನ ಕೆಳಗಿಟ್ಟು ಗಾಡಿಯ ತೂಕ ಸ್ಪ್ರಿಂಗ್ ಮೇಲೆ ಇರುವಂತೆ ನೋಡಿಕೊಂಡೆ. ದೂರದ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬಂದು, ಕೊನೆಗೆ ವಾಲ್ವಿನ ಮೇಲಿರುವ, ಗಾಳಿ ಹೊರಬಿಡುವ ಬ್ಲೀಡರ್ ಸ್ಕ್ರೂವನ್ನೂ ತೆರೆದೆ. ಇದನ್ನು ಮರೆತವರಿಗೆ ಪೆಡಲ್ ಸ್ಪಂಜಿನಂತೆಯೇ ಉಳಿಯುತ್ತದೆ. ಮೊಹರು ಒಡೆಯದ ಡಬ್ಬಿಯ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನೇ ಬಳಸಿದೆ. ಅದರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ನೀರಿನಂಶ ಹೀರಿಕೊಂಡ ಮೇಲೆ 155 ಡಿಗ್ರಿ. ಹೀಗಾಗಿ ತೆರೆದಿಟ್ಟ ಹಳೆಯ ಡಬ್ಬಿಯನ್ನು ಬ್ರೇಕಿಗೆ ಬಳಸಬಾರದು.

ಬ್ರೇಕಿನ ಒತ್ತಡ ಅಳೆಯುವ ಗೇಜುಗಳು ಎರಡು ದಿನದ ಮಟ್ಟಿಗೆ ಎರವಲು ಸಿಕ್ಕಿದ್ದು ದೊಡ್ಡ ಅನುಕೂಲವಾಯಿತು. ಒಂದನ್ನು ಮುಂದಿನ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ನ ಬ್ಲೀಡರ್ ತೂತಿಗೂ ಇನ್ನೊಂದನ್ನು ಹಿಂದಿನ ವೀಲ್ ಸಿಲಿಂಡರಿನದಕ್ಕೂ ಜೋಡಿಸಿ, ಅವುಗಳೊಳಗಿನ ಗಾಳಿಯನ್ನೂ ತೆಗೆದು, ಮುಂದೆ 70 ಬಾರ್ ಬರುವಂತೆ ಪೆಡಲ್ ಒತ್ತಿ ಹಿಡಿದು ಹಿಂದಿನ ಅಂಕಿಯನ್ನು ಓದಿದೆ. ಲಿಫ್ಟ್ ನಂತರ ಲಿವರ್ ಇಳಿದುಹೋಗಿದ್ದ ಸ್ಥಾನದಲ್ಲಿ ಹಿಂದೆ 29 ಬಾರ್ ಮಾತ್ರ ಇತ್ತು. ಬಿಳಿ ಗೆರೆಗೆ ಲಿವರನ್ನು ತಂದು ಹಿಡಿದಾಗ 41. ಸರಳನ್ನು 5 ಮಿ.ಮೀ. ಉದ್ದ ಮಾಡಿ ಲಾಕ್‌ನಟ್ ಬಿಗಿದ ಮೇಲೆ, ಖಾಲಿ ಗಾಡಿಯಲ್ಲಿ, 44. ಗಾಡಿಯ ಕೈಪಿಡಿಯಲ್ಲಿ ಆಕ್ಸಲ್ ಮೇಲಿನ ತೂಕಕ್ಕೆ ತಕ್ಕ ಒತ್ತಡದ ಅಂಕಿಗಳಿದ್ದರೆ ಅವುಗಳಿಗೇ ಹೊಂದಿಸುವುದು ಎಲ್ಲಕ್ಕಿಂತ ಉತ್ತಮ.

ರಸ್ತೆಯ ಪರೀಕ್ಷೆಗೆ ವಾಹನಗಳಿಲ್ಲದ, ಅಗಲವಾದ, ನೇರ ರಸ್ತೆಯನ್ನು ಆರಿಸಿಕೊಂಡೆ. ತೊಟ್ಟಿಯ ಪೆಟ್ಟಿಗೆಯನ್ನೂ ಇಳಿಸಿ ಗಾಡಿಯನ್ನು ಪೂರ್ತಿ ಖಾಲಿ ಮಾಡಿದೆ, ಏಕೆಂದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುವುದಾದರೆ ಅದು ಆಗುವುದು ಈ ಸ್ಥಿತಿಯಲ್ಲೇ. ಒಣ ನೆಲದಲ್ಲಿ 30, 40, 60 ಕಿ.ಮೀ. ವೇಗಗಳಲ್ಲಿ, ಆಮೇಲೆ ಒದ್ದೆ ನೆಲದಲ್ಲಿ 30ರಲ್ಲಿ ಮಾತ್ರ, ಜೋರಾಗಿ ಬ್ರೇಕ್ ಹಾಕಿದೆ. ಸ್ನೇಹಿತರೊಬ್ಬರು ರಸ್ತೆಯಿಂದ ದೂರದಲ್ಲಿ ನಿಂತು ಚಕ್ರಗಳನ್ನು ನೋಡುತ್ತಿದ್ದರು. ಪ್ರತಿ ಬಾರಿಯೂ ಮುಂದಿನವು ಮೊದಲು ನಿಂತವು. ಒದ್ದೆಯಲ್ಲಿ ಒಮ್ಮೆ ಹಿಂದಿನ ಎಡ ಚಕ್ರ ಅದರ ಬೆನ್ನಿಗೇ ನಿಂತದ್ದರಿಂದ ಸರಳನ್ನು 1 ಮಿ.ಮೀ. ಮರಳಿ ಗಿಡ್ಡ ಮಾಡಿದೆ. ಬಳಿಕ ಅದು ಮರುಕಳಿಸಲಿಲ್ಲ. ಮೊದಲಿನಂತೆಯೇ 50 ಕಿ.ಮೀ. ವೇಗದಿಂದ ಹತ್ತು ಬಾರಿ ನಿಲ್ಲಿಸಿ ಥರ್ಮಾಮೀಟರ್ ಹಿಡಿದಾಗ ಮುಂದೆ 120, ಹಿಂದೆ ಎರಡೂ ಬದಿ 75ರ ಸುತ್ತಮುತ್ತ ತೋರಿಸಿತು. ಎಡಕ್ಕೂ ಬಲಕ್ಕೂ 4 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ, ಅಂದರೆ ಎಡಬದಿಯ ಅಡ್ಜಸ್ಟರ್ ಈಗ ಕೆಲಸ ಮಾಡುತ್ತಿದೆ. 400 ಕೆ.ಜಿ. ಹೊರೆಯಲ್ಲಿ ಮಾತ್ರ ಹಿಂಬದಿ ಹಳೆಯ ಸ್ಪ್ರಿಂಗ್‌ನ ಕಾಲದಷ್ಟು ಹಿಡಿಯುವುದಿಲ್ಲ ಎಂಬುದು ಲೆಕ್ಕದಲ್ಲೇ ಗೊತ್ತಿದ್ದ ವಿಷಯ; ತುಂಬು ಹೊರೆ ಹೇರುವ ದಿನ ಮುಂದಿನ ಗಾಡಿಯಿಂದ ಇನ್ನಷ್ಟು ದೂರ ಕಾಯ್ದುಕೊಳ್ಳುತ್ತೇನೆ.

ಯು ಬೋಲ್ಟುಗಳನ್ನು 100 ಕಿ.ಮೀ. ಓಡಿದ ಮೇಲೊಮ್ಮೆ, 500ರಲ್ಲಿ ಮತ್ತೊಮ್ಮೆ ಬಿಗಿದೆ. ಎರಡನೆಯ ಬಾರಿ ಎತ್ತರ ಅಳೆದಾಗ ಹೊಸ ಸ್ಪ್ರಿಂಗ್ ಕುಳಿತುಕೊಂಡು 570 ಇದ್ದದ್ದು 567 ಆಗಿತ್ತು. ಅಷ್ಟರಮಟ್ಟಿಗೆ ವಾಲ್ವಿನ ಲಿವರೂ ಮೇಲೇರಿದ್ದರಿಂದ ಸರಳನ್ನು 3 ಮಿ.ಮೀ. ಗಿಡ್ಡ ಮಾಡಿ, ಗೇಜಿಲ್ಲದಿದ್ದರೂ ಒದ್ದೆ ನೆಲದ ಪರೀಕ್ಷೆಯನ್ನು ಪುನಃ ಮಾಡಿದೆ. ಮುಂದಿನ ಚಕ್ರಗಳೇ ಮೊದಲು ನಿಂತವು. ಸರಳಿನ ಈಗಿನ ಉದ್ದವನ್ನೂ ಹಬ್ಬಿನಿಂದ ಅಂಚಿನವರೆಗಿನ ಎತ್ತರವನ್ನೂ ಬಣ್ಣದ ಪೆನ್ನಿನಿಂದ ಚಾಸಿಯ ಮೇಲೆ, ವಾಲ್ವಿನ ಪಕ್ಕದಲ್ಲೇ ಬರೆದಿದ್ದೇನೆ.